ಕೊರೊನ್ ಕೊಲ್ಲಿಯ ಮುಳುಗು ಹಡಗುಗಳು: ಯಾವುದಕ್ಕೆ ಮೊದಲು ಇಳಿಯಬೇಕು, ಹೇಗೆ

1944ರ ಸೆಪ್ಟೆಂಬರ್ 24ರಂದು ಅಮೆರಿಕದ ನೌಕಾ ವಿಮಾನಗಳು ಫಿಲಿಪ್ಪೀನ್ಸ್‌ನ ಕೊರೊನ್ ಕೊಲ್ಲಿಯ ಸುತ್ತ ಲಂಗರು ಹಾಕಿದ್ದ ಜಪಾನಿ ಹಡಗುಗಳ ಮೇಲೆ ಬಾಂಬು ಸುರಿದವು. ಇಲ್ಲಿ ಮುಳುಗಿರುವ ಹಡಗುಗಳನ್ನು ಇಂದು ನೋಡಹೋಗುವವರು ಹೆಸರನ್ನಲ್ಲ, ಆಳವನ್ನು ನೋಡಿ ಆರಿಸಿಕೊಳ್ಳಬೇಕು.

ಉಸಿರುಕೊಳವೆ ಕಚ್ಚಿ ಮೇಲೆಯೇ ತೇಲುತ್ತಾ ನೋಡುವ ಸ್ನಾರ್ಕೆಲಿಂಗ್‌ಗೆ ಲುಸಾಂಗ್ ಗನ್‌ಬೋಟ್ ಎಂಬ ಸಣ್ಣ ಹಡಗು ಸರಿಯಾದ ಜಾಗ. ಸಮುದ್ರ ಇಳಿದಾಗ ಅದರ ಹಿಂತುದಿ ನೀರಿನ ಮಟ್ಟಕ್ಕೇ ಬರುತ್ತದೆ. ಹವಳ ಚೆನ್ನಾಗಿ ಕಾಣುವುದೂ ಆಗಲೇ, ಅಲೆ ನಿಮ್ಮನ್ನು ತುಕ್ಕುಹಿಡಿದ ಅಂಚಿಗೆ ಉಜ್ಜುವುದೂ ಆಗಲೇ. ಅಲೆ ಬರುವ ಬದಿ ಬಿಟ್ಟು ಮತ್ತೊಂದು ಬದಿಯಲ್ಲಿ, ಎರಡು ಮೀಟರ್ ಅಂತರದಲ್ಲಿ ತೇಲಿ. ಉದ್ದ ತೋಳಿನ ಅಂಗಿ ಇರಲಿ.

ಓಪನ್ ವಾಟರ್ ಎಂಬ ಮೊದಲ ಹಂತದ ತರಬೇತಿ ಮುಗಿಸಿದ ಡೈವರ್‌ಗಳ ಮಿತಿ 18 ಮೀಟರ್ ಆಳ. ಅವರಿಗೆ ಒಕಿಕಾವಾ ಮಾರು ಒಳ್ಳೆಯದು. ನೆಟ್ಟಗೆ ಕೂತಿರುವ ಈ ತೈಲ ಹಡಗಿನ ಡೆಕ್ಕು 10ರಿಂದ 16 ಮೀಟರ್‌ನಲ್ಲೇ ಸಿಗುತ್ತದೆ. ಇರಾಕೊ ಎಂಬ ಆಹಾರ ಸಾಗಣೆ ಹಡಗು ಕೊನೆಗಿರಲಿ. ಅದರ ಡೆಕ್ಕು ಶುರುವಾಗುವುದೇ 28 ಮೀಟರ್ ಆಸುಪಾಸಿನಲ್ಲಿ, ತಳ 40 ದಾಟುತ್ತದೆ. ಸಿಲಿಂಡರಿಗೆ ಶೇ 32ರ ನೈಟ್ರಾಕ್ಸ್ (ಶೇ 32 ಆಮ್ಲಜನಕವಿರುವ ಗಾಳಿ) ತುಂಬಿಸಿಕೊಂಡರೆ ನೀರಿನಡಿ ಸಮಯ ಹೆಚ್ಚು ಸಿಗುತ್ತದೆ, ಆದರೆ 33 ಮೀಟರ್‌ಗಿಂತ ಕೆಳಗೆ ಹೋಗುವಂತಿಲ್ಲ: ಆಮ್ಲಜನಕದ ಒತ್ತಡ 1.4 ಬಾರ್ ಮೀರಿದರೆ ನೀರೊಳಗೇ ಫಿಟ್ಸ್ ಬರಬಹುದು.

ಹಡಗಿನ ಒಳಹೋಗುವುದು ಬೇರೆಯೇ ವಿದ್ಯೆ, ತರಬೇತಿಯಿಲ್ಲದೆ ಬೇಡ. ದಶಕಗಳ ಹೂಳು ಅಲ್ಲಿ ಕೂತಿದೆ. ಕಾಲನ್ನು ಮೇಲೆ ಕೆಳಗೆ ಬಡಿದರೆ ಕ್ಷಣದಲ್ಲಿ ಕೈಯೇ ಕಾಣದಂತಾಗುತ್ತದೆ, ಆಗ ಟಾರ್ಚೂ ಉಪಯೋಗಕ್ಕೆ ಬಾರದು. ಮಂಡಿ ಮಡಿಸಿ ಕಪ್ಪೆಯಂತೆ ಹಿಂದಕ್ಕೆ ಒದೆಯಿರಿ. ಹೂಳು ಏಳದಿದ್ದರೂ ನೀವು ಬಿಟ್ಟ ಗುಳ್ಳೆಗಳು ಚಾವಣಿಗೆ ಬಡಿದು ತುಕ್ಕು ಉದುರುತ್ತದೆ. ಹೋಗುವಾಗ ತಿಳಿಯಾಗಿದ್ದ ದಾರಿ ಬರುವಾಗ ಹಾಗಿರುವುದಿಲ್ಲ. ಬಾಗಿಲ ಹೊರಗೇ ದಾರ ಕಟ್ಟಿ, ಅದರ ಸುರುಳಿ ಬಿಚ್ಚುತ್ತಾ ಹೋಗುವುದು ಇದಕ್ಕೇ. ಒಬ್ಬೊಬ್ಬರಿಗೂ ಮೂರು ದೀಪ. ಸಿಲಿಂಡರಿನ ಗಾಳಿಯ ಒತ್ತಡ 200 ಬಾರ್ ಇದ್ದಾಗ ಹೊರಟರೆ ಮಾಪಕ 135 ತೋರಿಸಿದೊಡನೆ ಹಿಂದಿರುಗಿ. 30 ಮೀಟರ್‌ನಲ್ಲಿ ಗಾಳಿ ಮೇಲಿನದಕ್ಕಿಂತ ನಾಲ್ಕು ಪಟ್ಟು ಬೇಗ ಖರ್ಚಾಗುತ್ತದೆ. ಎಡಕ್ಕೆ ಮಲಗಿರುವ ಅಕಿತ್ಸುಶಿಮಾ ಎಂಬ ಹಡಗಿನಲ್ಲಿ ಗೋಡೆಯೇ ನೆಲ, ಹಾಗಾಗಿ ದಿಕ್ಕು ತಪ್ಪುವುದು ಸುಲಭ.

ಚಾವಣಿಯಡಿ ಸಿಕ್ಕಿಕೊಂಡ ಗಾಳಿಯಲ್ಲಿ ಮೌತ್‌ಪೀಸ್ ತೆಗೆದು ಉಸಿರಾಡಬೇಡಿ. ತುಕ್ಕು ಅದರ ಆಮ್ಲಜನಕವನ್ನು ತಿಂದಿರುತ್ತದೆ.

ಮೇಲೆ ಬರುವಾಗ 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಿ. ಹಲವು ದಿನ ಡೈವ್ ಮಾಡಿದ ಮೇಲೆ ಹತ್ತಿರದ ಬುಸುವಾಂಗಾ ವಿಮಾನ ನಿಲ್ದಾಣದಿಂದ ವಿಮಾನ ಹತ್ತುವುದಕ್ಕೆ ಕನಿಷ್ಠ 18 ಗಂಟೆ ಬಿಡಿ.