ಗಪ್ಪಿ ಮರಿ ಹಾಕಿದೆಯಾ? ಮೊದಲ ಒಂದು ತಿಂಗಳು ಹೀಗೆ ನೋಡಿಕೊಳ್ಳಿ

ಗಪ್ಪಿ ಮೀನು ಮರಿ ಹಾಕಲಿ ಅಂತ ಯಾರೂ ಕಷ್ಟಪಡಬೇಕಿಲ್ಲ. ಗಂಡು ಹೆಣ್ಣು ಒಟ್ಟಿಗಿದ್ದರೆ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಮರಿ ಬರುತ್ತಲೇ ಇರುತ್ತವೆ. ಗಂಡೇ ಇಲ್ಲದ ಟ್ಯಾಂಕಿನಲ್ಲೂ ಬರಬಹುದು, ಯಾಕೆಂದರೆ ಹೆಣ್ಣು ಗಪ್ಪಿ ಒಮ್ಮೆ ಗಂಡಿನ ಜೊತೆ ಕೂಡಿದರೆ ಆ ವೀರ್ಯವನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲೇ ಕಾಪಾಡಿಕೊಂಡು, ಒಂದಾದ ಮೇಲೆ ಒಂದು ಅಂತ ಹಲವು ಸಲ ಮರಿ ಹಾಕುತ್ತದೆ. ಕಷ್ಟ ಇರುವುದು ಆ ಮರಿಗಳನ್ನು ಉಳಿಸಿಕೊಳ್ಳುವುದರಲ್ಲಿ. ದೊಡ್ಡ ಮೀನು ತಿಂದುಬಿಡುತ್ತವೆ ಅಂತ ಎಲ್ಲರಿಗೂ ಗೊತ್ತು, ಅದಕ್ಕೇ ಬೇರೆ ಟ್ಯಾಂಕಿಗೆ ಹಾಕುತ್ತಾರೆ. ಆದರೂ ಮೊದಲ ವಾರದಲ್ಲೇ ಒಂದೊಂದಾಗಿ ಸಾಯುತ್ತವೆ, ಅಲ್ವಾ? ನಾನು ನೋಡಿದ ಮಟ್ಟಿಗೆ ಹೆಚ್ಚಿನ ಮರಿಗಳು ಸಾಯುವುದು ಹಸಿವಿನಿಂದ ಅಲ್ಲ. ನಾವು ಪ್ರೀತಿಯಿಂದ ಜಾಸ್ತಿ ಹಾಕಿದ ಊಟ ಕೊಳೆತು, ನೀರು ಕೆಟ್ಟು ಸಾಯುತ್ತವೆ. ಆದ್ದರಿಂದ ಮುಂದೆ ಏನೇ ಓದಿದರೂ ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡೇ ಓದಿ.

ಮೊದಲು ತಾಯಿ ಮೀನಿನ ವಿಷಯ. ಬಾಲದ ಕಡೆ ಹೊಟ್ಟೆಯ ಕೆಳಗೆ ಒಂದು ಕಪ್ಪು ಮಚ್ಚೆ ಇರುತ್ತದೆ, ದಿನ ತುಂಬುತ್ತಾ ಬಂದ ಹಾಗೆ ಅದು ದೊಡ್ಡದಾಗಿ ಕಪ್ಪಾಗುತ್ತದೆ. ಮೊದಲು ದುಂಡಗಿದ್ದ ಹೊಟ್ಟೆ ಕೊನೆಗೆ ಚೌಕಾಕಾರಕ್ಕೆ ಬರುತ್ತದೆ. ಬಣ್ಣ ತೆಳುವಾಗಿರುವ ಮೀನಾದರೆ ಆ ಮಚ್ಚೆಯೊಳಗೆ ಮರಿಗಳ ಕಣ್ಣು ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ, ಟಾರ್ಚ್ ಬೇಡ, ಕಿಟಕಿಯ ಬೆಳಕಲ್ಲೇ ಹತ್ತಿರ ಹೋಗಿ ನೋಡಿ. ಹೆರುವ ಹೊತ್ತಿಗೆ ಅದು ಉಳಿದ ಮೀನುಗಳನ್ನು ಬಿಟ್ಟು ಒಂದು ಮೂಲೆಯಲ್ಲೋ, ಹೀಟರ್ ಪಕ್ಕದಲ್ಲೋ ಸುಮ್ನೆ ನಿಂತಿರುತ್ತದೆ. ಮರಿ ಹೊರಗೆ ಬರುವಾಗ ಮುದುಡಿಕೊಂಡ ಸಣ್ಣ ಉಂಡೆ ತರ ಇರುತ್ತದೆ, ಒಂದೆರಡು ಕ್ಷಣ ಕೆಳಗೆ ಬಿದ್ದ ಹಾಗೆ ಇಳಿದು, ಆಮೇಲೆ ಮೈ ಬಿಡಿಸಿಕೊಂಡು ಸರಕ್ಕನೆ ಗಿಡದ ಒಳಗೆ ಓಡುತ್ತದೆ. ಹುಟ್ಟಿದ ಕೂಡಲೇ ಈಜಲು ಬರುತ್ತದೆ, ತಿನ್ನಲೂ ಬರುತ್ತದೆ. ಗಪ್ಪಿಯ ಈ ಗುಣದಿಂದಲೇ ಹೊಸಬರಿಗೂ ಮರಿ ಸಾಕುವುದು ಸಾಧ್ಯ.

ತಾಯಿ ಮೀನನ್ನು ಹೆರಲು ಬೇರೆಯಾಗಿ ಬಿಡುವ, ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಬ್ರೀಡಿಂಗ್ ಬಾಕ್ಸ್ ನನಗೆ ಅಷ್ಟು ಇಷ್ಟ ಇಲ್ಲ. ದಿನಗಟ್ಟಲೆ ಅದರಲ್ಲಿ ಕೂಡಿಟ್ಟರೆ ತಾಯಿ ಗಾಬರಿಯಾಗುತ್ತದೆ, ಕೆಲವು ಸಲ ದಿನ ತುಂಬುವ ಮೊದಲೇ ಮರಿ ಹಾಕುತ್ತದೆ, ಅಂಥ ಮರಿಗಳು ಹೊಟ್ಟೆಯಲ್ಲಿ ಹಳದಿ ಚೀಲ ಇಟ್ಟುಕೊಂಡೇ ಹುಟ್ಟಿ ತಳದಲ್ಲಿ ತೆವಳುತ್ತಾ ಇರುತ್ತವೆ. ಬಾಕ್ಸ್ ಬೇಕೇ ಬೇಕು ಅಂದರೆ ಕೊನೆಯ ಒಂದು ದಿನಕ್ಕೆ ಮಾತ್ರ ಬಳಸಿ. ಅದಕ್ಕಿಂತ ಒಳ್ಳೆಯದು ಗಿಡ. ಜಾವಾ ಮಾಸ್, ಹಾರ್ನ್‌ವರ್ಟ್, ಗಪ್ಪಿ ಗ್ರಾಸ್ ಇವುಗಳಲ್ಲಿ ಯಾವುದಾದರೂ ಒಂದನ್ನು ದಟ್ಟವಾಗಿ ಒಂದು ಮೂಲೆಯಲ್ಲಿ ತುಂಬಿಬಿಡಿ. ಮರಿಗಳು ತಾವಾಗಿಯೇ ಅಲ್ಲಿ ಅವಿತುಕೊಳ್ಳುತ್ತವೆ. ಆಮೇಲೆ ಒಂದು ಲೋಟದಲ್ಲಿ ನೀರಿನ ಸಮೇತ ಎತ್ತಿ ಬೇರೆ ಟ್ಯಾಂಕಿಗೆ ಬಿಡಿ. ಬಲೆಯಲ್ಲಿ ಹಿಡಿಯಬೇಡಿ, ಅಷ್ಟು ಸಣ್ಣ ಮೈಗೆ ಬಲೆಯ ದಾರವೇ ಏಟು.

ಒಂದು ಎಚ್ಚರಿಕೆ. ಕೆರೆ, ಕುಂಟೆಯಿಂದ ಅಂತರಗಂಗೆ ಗಿಡ ತಂದು ಹಾಕುವವರು ಇದ್ದಾರೆ, ಅದರ ಬೇರು ಮರಿಗಳಿಗೆ ಒಳ್ಳೆಯ ಆಸರೆ ನಿಜ. ಆದರೆ ಆ ಬೇರಲ್ಲಿ ಏರೋಪ್ಲೇನ್ ಚಿಟ್ಟೆಯ ಮರಿಹುಳು ಬಂದರೆ ಅದು ಗಪ್ಪಿ ಮರಿಗಳನ್ನು ಒಂದೊಂದಾಗಿ ಹಿಡಿದು ತಿನ್ನುತ್ತದೆ. ಬೆಂಗಳೂರಿನ ಕೆರೆಗಳಿಗೆ ಏನೇನು ಸೇರುತ್ತದೆ ಅಂತ ಹೇಳಬೇಕಿಲ್ಲ. ಗಿಡವನ್ನು ಅಂಗಡಿಯಿಂದಲೋ, ಟ್ಯಾಂಕ್ ಇಟ್ಟಿರುವ ಗೆಳೆಯರಿಂದಲೋ ತನ್ನಿ. ಶಿವಾಜಿನಗರದ ಮೀನಿನ ಅಂಗಡಿಗಳಲ್ಲಿ ಒಂದು ಹಿಡಿ ಹಾರ್ನ್‌ವರ್ಟ್‌ಗೆ ಹೆಚ್ಚು ದುಡ್ಡೇನೂ ಆಗುವುದಿಲ್ಲ.

ಮರಿ ಟ್ಯಾಂಕ್ ದೊಡ್ಡದು ಬೇಡ. ಮೂವತ್ತು ಮರಿಗೆ ಮೊದಲ ತಿಂಗಳು 20 ಲೀಟರ್ ಸಾಕು, ಆಮೇಲೆ 40, 50 ಲೀಟರ್ ಬೇಕು. ತಳಕ್ಕೆ ಕಲ್ಲು, ಮರಳು ಏನೂ ಹಾಕಬೇಡಿ. ಬರಿ ಗಾಜು ಇದ್ದರೆ ಕೊಳೆ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತದೆ. ಫಿಲ್ಟರ್ ಅಂದರೆ ಏರ್ ಪಂಪಿಗೆ ಸಿಕ್ಕಿಸುವ ಸ್ಪಾಂಜ್ ಫಿಲ್ಟರ್, ಅಷ್ಟೇ. ಬೇರೆ ಮೋಟಾರ್ ಫಿಲ್ಟರ್‌ಗಳು ಮರಿಗಳನ್ನು ಒಳಗೆ ಎಳೆದುಕೊಳ್ಳುತ್ತವೆ. ಹೊಸ ಸ್ಪಾಂಜ್ ತಂದು ಅದೇ ದಿನ ಮರಿ ಬಿಟ್ಟರೆ ಅದರಿಂದ ಉಪಯೋಗ ಕಡಿಮೆ, ಯಾಕೆಂದರೆ ಕೊಳೆಯನ್ನು ಅರಗಿಸುವ ಬ್ಯಾಕ್ಟೀರಿಯಾ ಅದರಲ್ಲಿ ಇನ್ನೂ ಬೆಳೆದಿರುವುದಿಲ್ಲ. ಹೆಣ್ಣು ಮೀನಿನ ಹೊಟ್ಟೆ ದೊಡ್ಡದಾಗುವುದು ಕಂಡಾಗಲೇ ಹೊಸ ಸ್ಪಾಂಜನ್ನು ಹಳೆಯ ಟ್ಯಾಂಕಿನಲ್ಲೇ ಓಡಿಸಿಡಿ. ಎರಡು, ಮೂರು ವಾರದಲ್ಲಿ ಅದು ಕೆಲಸಕ್ಕೆ ಸಿದ್ಧವಾಗಿರುತ್ತದೆ. ಮರಿ ಟ್ಯಾಂಕಿಗೆ ಮೊದಲ ನೀರೂ ಆ ಹಳೆಯ ಟ್ಯಾಂಕಿನದ್ದೇ ಇರಲಿ, ಹುಟ್ಟಿದ ನೀರಲ್ಲೇ ಮರಿ ಮುಂದುವರಿಯುತ್ತದೆ.

ಇನ್ನು ನಮ್ಮೂರಿನ ನೀರು. ಬೆಂಗಳೂರಿನಲ್ಲಿ ಒಂದೇ ಬೀದಿಯ ಎರಡು ಮನೆಗೆ ಎರಡು ತರದ ನೀರು ಬರುತ್ತದೆ, ಕೆಲವು ಅಪಾರ್ಟ್‌ಮೆಂಟ್‌ಗಳಲ್ಲಿ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬೀಳುತ್ತವೆ, ಇವತ್ತಿದ್ದ ನೀರು ನಾಳೆ ಇರುವುದಿಲ್ಲ. ಕಾವೇರಿ ನೀರಾದರೆ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ತೆರೆದಿಡಿ, ಏರ್ ಪಂಪಿಗೆ ಸಿಕ್ಕಿಸಿ ಗುಳ್ಳೆ ಬಿಡಿಸುವ ಏರ್ ಸ್ಟೋನ್ ಹಾಕಿದರೆ ಇನ್ನೂ ಬೇಗ ಹೋಗುತ್ತದೆ. ಅರ್ಜೆಂಟ್ ಇದ್ದರೆ ಆ್ಯಂಟಿ ಕ್ಲೋರಿನ್ ಹನಿ ಹಾಕಿ. ಓವರ್‌ಹೆಡ್ ಟ್ಯಾಂಕ್ ತೊಳೆದು ಬ್ಲೀಚಿಂಗ್ ಪೌಡರ್ ಹಾಕಿದ ವಾರ ಮಾತ್ರ ನಲ್ಲಿ ನೀರನ್ನು ನಂಬಲೇಬೇಡಿ.

ಬೋರ್‌ವೆಲ್ ನೀರು ಗಡುಸು, ನಲ್ಲಿಯ ಬಾಯಲ್ಲಿ ಬಿಳಿ ಕಲೆ ಕಟ್ಟುತ್ತದಲ್ಲ, ಅದೇ. ಬೇರೆ ಎಷ್ಟೋ ಮೀನಿಗೆ ಕಷ್ಟ ಕೊಡುವ ಈ ನೀರು ಗಪ್ಪಿಗೆ ಚೆನ್ನಾಗಿಯೇ ಒಗ್ಗುತ್ತದೆ, ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ) 7ರಿಂದ 8ರವರೆಗೆ ಅದಕ್ಕೆ ಹಿತ. ಶುದ್ಧ ನೀರು ಕೊಡೋಣ ಅಂತ ಬರೀ ಆರ್‌ಒ ನೀರು ತುಂಬುವುದು ಬೇಡವೇ ಬೇಡ. ಬೆಳೆಯುವ ಮರಿಯ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಅದರಲ್ಲಿ ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಬೋರ್‌ವೆಲ್ ನೀರಿನವರು ಒಂದು ವಿಷಯ ತಿಳಿದಿರಬೇಕು. ಕೊಳೆತ ಊಟ ಮತ್ತು ಮೀನಿನ ಮಲದಿಂದ ಅಮೋನಿಯಾ ಬರುತ್ತದೆ. ಪಿಎಚ್ ಹೆಚ್ಚಿದ್ದಷ್ಟೂ, ನೀರು ಬೆಚ್ಚಗಿದ್ದಷ್ಟೂ ಅದೇ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಅಂದರೆ ಏಪ್ರಿಲ್ ತಿಂಗಳಲ್ಲಿ, ಬೋರ್‌ವೆಲ್ ನೀರಿನಲ್ಲಿ, ಊಟ ಉಳಿಸಿದರೆ ಮರಿಗಳಿಗೆ ಉಳಿಗಾಲವಿಲ್ಲ.

ಈಗ ಊಟ. ಮರಿಯ ಕಣ್ಣು ನೋಡಿ, ಊಟದ ಕಣ ಅದಕ್ಕಿಂತ ದೊಡ್ಡದಾಗಿರಬಾರದು. ದೊಡ್ಡ ಮೀನಿಗೆ ಹಾಕುವ ಫ್ಲೇಕ್ಸನ್ನೇ ಎರಡು ಬೆರಳ ನಡುವೆ ಹಿಟ್ಟಾಗುವ ತನಕ ಉಜ್ಜಿ, ಟೂತ್‌ಪಿಕ್‌ನ ತುದಿಯನ್ನು ನೀರಲ್ಲಿ ಅದ್ದಿ ಆ ಪುಡಿಗೆ ಮುಟ್ಟಿಸಿ. ಅಷ್ಟು ಅಂಟಿಕೊಂಡದ್ದೇ ಒಂದು ಹೊತ್ತಿನ ಊಟ. ದಿನಕ್ಕೆ ನಾಲ್ಕೈದು ಸಲ ಕೊಡಿ. ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಎರಡು ಸಲ, ಸಂಜೆ ಬಂದ ಮೇಲೆ ಎರಡು ಸಲ ಕೊಟ್ಟರೂ ನಡೆಯುತ್ತದೆ, ಸ್ವಲ್ಪ ನಿಧಾನವಾಗಿ ಬೆಳೆಯುತ್ತವೆ ಅಷ್ಟೇ. ಮಧ್ಯಾಹ್ನದ್ದನ್ನೂ ಸೇರಿಸಿ ಬೆಳಿಗ್ಗೆಯೇ ಜಾಸ್ತಿ ಹಾಕಿ ಹೋಗುವುದು ಮಾತ್ರ ಮಾಡಬೇಡಿ.

ಬೇಯಿಸಿದ ಮೊಟ್ಟೆಯ ಹಳದಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ಮರಿಗಳು ತಿನ್ನುತ್ತವೆ, ಬೆಳೆಯುತ್ತವೆ, ಸುಳ್ಳಲ್ಲ. ಆದರೆ ನೀರನ್ನು ಇಷ್ಟು ಬೇಗ ಕೆಡಿಸುವ ಊಟ ಇನ್ನೊಂದಿಲ್ಲ. ಹಾಕಲೇಬೇಕಿದ್ದರೆ ಅಕ್ಕಿಕಾಳಿನಷ್ಟು ಹಳದಿಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಅರ್ಧ ಲೋಟ ನೀರಲ್ಲಿ ಹಿಂಡಿ, ಆ ನೀರಲ್ಲಿ ನಾಲ್ಕೈದು ಹನಿ ಮಾತ್ರ ಬಿಡಿ, ಅರ್ಧ ಗಂಟೆ ಬಿಟ್ಟು ಒಂದಷ್ಟು ನೀರು ಬದಲಾಯಿಸಿ.

ನನ್ನನ್ನು ಕೇಳಿದರೆ ಆರ್ಟೀಮಿಯಾ ಮರಿಗೆ ಸಾಟಿ ಇಲ್ಲ. ಇದು ಉಪ್ಪು ನೀರಿನ ಒಂದು ಸಣ್ಣ ಸೀಗಡಿ ಜಾತಿ, ಮೊಟ್ಟೆ ಒಣಗಿಸಿ ಡಬ್ಬಿಯಲ್ಲಿ ಮಾರುತ್ತಾರೆ. ಒಂದು ಲೀಟರ್ ನೀರಿಗೆ 25ರಿಂದ 30 ಗ್ರಾಂ ಕಲ್ಲುಪ್ಪು, ಕಾಲು ಟೀ ಚಮಚ ಮೊಟ್ಟೆ. ಹಳೆಯ ನೀರಿನ ಬಾಟಲಿಯ ತಳ ಕತ್ತರಿಸಿ, ಮುಚ್ಚಳ ಬಿಗಿ ಮಾಡಿ, ತಲೆಕೆಳಗಾಗಿ ನಿಲ್ಲಿಸಿ. ಏರ್ ಪಂಪಿನ ಪೈಪನ್ನು ತಳದ ತನಕ ಬಿಟ್ಟು ಗುಳ್ಳೆ ಜೋರಾಗಿ ಬರುವ ಹಾಗೆ ಮಾಡಿ, ಮೇಲೊಂದು ಬಲ್ಬ್ ಉರಿಸಿ. ನೀರು 27, 28 ಡಿಗ್ರಿ ಇದ್ದರೆ ಒಂದು ದಿನದಲ್ಲಿ ಒಡೆಯುತ್ತವೆ, ಬೆಂಗಳೂರಿನ ಚಳಿಯಲ್ಲಿ ಒಂದೂವರೆ ದಿನವೂ ಹಿಡಿಯಬಹುದು. ಗಾಳಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟರೆ ಖಾಲಿ ಸಿಪ್ಪೆ ಮೇಲೆ ತೇಲುತ್ತದೆ, ಕೇಸರಿ ಬಣ್ಣದ ಮರಿಗಳು ಕೆಳಗೆ ಸೇರುತ್ತವೆ. ಸಿಪ್ಪೆ ಬರದ ಹಾಗೆ ಕೆಳಗಿನದನ್ನಷ್ಟೇ ಪೈಪಿನಲ್ಲಿ ಎಳೆದು, ಕರ್ಚೀಫಿನಲ್ಲಿ ಸೋಸಿ, ಸಿಹಿ ನೀರಲ್ಲಿ ತೊಳೆದು ಹಾಕಿ. ಸಿಪ್ಪೆ ನುಂಗಿದರೆ ಮರಿಯ ಹೊಟ್ಟೆ ಕಟ್ಟಿಕೊಳ್ಳುವ ಅಪಾಯ ಇದೆ. ಒಡೆದ ದಿನವೇ ಕೊಟ್ಟುಬಿಡಿ, ತಡವಾದಷ್ಟೂ ಅದರ ಹೊಟ್ಟೆಯಲ್ಲಿರುವ ಪೋಷಣೆ ಕರಗಿಹೋಗುತ್ತದೆ.

ಹಾಕಿ ಐದು ನಿಮಿಷ ಟ್ಯಾಂಕ್ ಮುಂದೆ ಕೂತು ನೋಡಿ. ಮರಿಯ ಮೈ ಗಾಜಿನ ತರ ಪಾರದರ್ಶಕ, ಒಳಗೆ ಹೊಟ್ಟೆ ತುಂಬುತ್ತಾ ಬರುವುದು ಕಾಣುತ್ತದೆ. ಮೊದಲು ಒಂದು ಕೇಸರಿ ಚುಕ್ಕಿ, ಆಮೇಲೆ ಆ ಚುಕ್ಕಿ ಉಬ್ಬಿ ಹೊಟ್ಟೆಯೆಲ್ಲಾ ಕೇಸರಿ. ಎಲ್ಲಾ ಮರಿಗಳ ಹೊಟ್ಟೆ ಹಾಗಾದರೆ ಊಟ ಸಾಕು ಅಂತ ಅರ್ಥ. ಒಂದೆರಡರ ಹೊಟ್ಟೆ ಚಪ್ಪಟೆಯಾಗಿಯೇ ಇದ್ದರೆ ಅವಕ್ಕೆ ಪೈಪೋಟಿಯಲ್ಲಿ ಸಿಗುತ್ತಿಲ್ಲ, ಅವನ್ನು ಒಂದು ಬಾಕ್ಸ್‌ಗೆ ತೆಗೆದು ಬೇರೆಯಾಗಿ ತಿನ್ನಿಸಿ. ಆರ್ಟೀಮಿಯಾ ಮಾಡಿಕೊಳ್ಳಲು ಪುರುಸೊತ್ತಿಲ್ಲದವರು ಮೈಕ್ರೋ ವರ್ಮ್ ಅನ್ನುವ ತೀರಾ ಸಣ್ಣ ಹುಳುಗಳನ್ನು ಇಟ್ಟುಕೊಳ್ಳಬಹುದು. ಗೆಳೆಯರಿಂದ ಒಂದು ಚಮಚ ಹೆಪ್ಪು ತಂದರೆ ಬೇಯಿಸಿದ ಓಟ್ಸ್ ಮೇಲೆ ಡಬ್ಬಿಯಲ್ಲಿ ಬೆಳೆಯುತ್ತವೆ, ಗೋಡೆ ಹತ್ತಿದ ಹುಳುಗಳನ್ನು ಬೆರಳಲ್ಲಿ ಒರೆಸಿ ಟ್ಯಾಂಕಿಗೆ ಅದ್ದಿದರೆ ಆಯಿತು. ಸೊಳ್ಳೆ ಮರಿಗಾಗಿ ಟೆರೇಸ್ ಮೇಲೆ ನೀರಿಡುವುದನ್ನು ಮಾತ್ರ ಬಿಡಿ. ಇಷ್ಟು ಸಣ್ಣ ಮೀನಿಗೆ ದೊಡ್ಡ ಸೊಳ್ಳೆ ಮರಿ ಬಾಯಿಗೆ ಹಿಡಿಸುವುದೂ ಇಲ್ಲ, ಡೆಂಗಿ ಹರಡುವ ಸೊಳ್ಳೆ ಅಂಥ ನೀರಲ್ಲೇ ಹುಟ್ಟುವುದು.

ನೀರು ಬದಲಾಯಿಸುವುದು ಮೊದಲ ಎರಡು ವಾರ ದಿನ ಬಿಟ್ಟು ದಿನ, ಐದರಲ್ಲಿ ಒಂದು ಭಾಗ. ದಿನಾ ಆದರೆ ಇನ್ನೂ ಒಳ್ಳೆಯದು. ಏರ್ ಪಂಪಿನ ತೆಳು ಪೈಪನ್ನೇ ಬಳಸಿ, ತಳದಲ್ಲಿ ಬಿದ್ದ ಕೊಳೆಯನ್ನು ಎಳೆದು ಬಿಳಿ ಬಕೆಟ್‌ಗೆ ಬಿಡಿ. ಬಿಳಿ ಯಾಕೆಂದರೆ ಜೊತೆಗೆ ಬಂದ ಮರಿ ಅದರಲ್ಲಿ ಕಾಣುತ್ತದೆ, ಲೋಟದಲ್ಲಿ ಎತ್ತಿ ವಾಪಸ್ ಬಿಡಬಹುದು. ನೋಡದೆ ಸಿಂಕಿಗೆ ಚೆಲ್ಲಬೇಡಿ. ಹೊಸ ನೀರನ್ನು ಅದೇ ತೆಳು ಪೈಪಿನಲ್ಲಿ ನಿಧಾನವಾಗಿ ತುಂಬಿಸಿ, ಕೈಗೆ ಎರಡೂ ನೀರು ಒಂದೇ ಬಿಸಿ ಅನ್ನಿಸಬೇಕು.

ಮರಿಗೆ 25, 26 ಡಿಗ್ರಿ ಬೇಕು. ವರ್ಷದಲ್ಲಿ ಹೆಚ್ಚು ತಿಂಗಳು ಬೆಂಗಳೂರಲ್ಲಿ ಏನೂ ಮಾಡದೆಯೇ ನಡೆಯುತ್ತದೆ. ಡಿಸೆಂಬರ್, ಜನವರಿ ರಾತ್ರಿ ಹೊರಗೆ 15, 16ಕ್ಕೆ ಇಳಿಯುವಾಗ, ಸಣ್ಣ ಟ್ಯಾಂಕಿನ ನೀರೂ ಬೇಗ ತಣ್ಣಗಾಗುತ್ತದೆ. ಮರಿಗಳು ಊಟ ಬಿಟ್ಟು ಮೂಲೆ ಸೇರುತ್ತವೆ, ರೆಕ್ಕೆ ಮುದುಡಿಕೊಳ್ಳುತ್ತವೆ. 25 ವ್ಯಾಟ್‌ನ ಹೀಟರ್, ಒಂದು ಥರ್ಮಾಮೀಟರ್ ಆ ತಿಂಗಳುಗಳಿಗೆ ಬೇಕು. ಕರೆಂಟ್ ಹೋದರೆ ಗಾಬರಿಯಾಗಬೇಡಿ. ಮರಿ ಕಡಿಮೆ ಇರುವ ಟ್ಯಾಂಕ್ ಪಂಪ್ ಇಲ್ಲದೆ ಕೆಲವು ಗಂಟೆ ತಡೆಯುತ್ತದೆ, ಆ ಹೊತ್ತಲ್ಲಿ ಊಟ ಹಾಕದಿದ್ದರೆ ಸಾಕು.

ರೆಕ್ಕೆ ಮುದುಡಿ ಸೂಜಿಯಂತೆ ಕಂಡರೆ, ಒಂದೇ ಜಾಗದಲ್ಲಿ ನಿಂತು ಮೈ ಅಲುಗಿಸುತ್ತಿದ್ದರೆ, ಮೊದಲು ಔಷಧಿ ಹುಡುಕಬೇಡಿ. ನೀರು ಬದಲಾಯಿಸಿ, ಒಂದು ದಿನ ಊಟ ಕಡಿಮೆ ಮಾಡಿ. ಹೆಚ್ಚಿನ ಸಲ ಅಷ್ಟಕ್ಕೇ ಸರಿಹೋಗುತ್ತವೆ.

ಮೂರು, ನಾಲ್ಕು ವಾರಕ್ಕೆ ಗಂಡು ಹೆಣ್ಣು ಗೊತ್ತಾಗಲು ಶುರುವಾಗುತ್ತದೆ. ಹೊಟ್ಟೆಯ ಕೆಳಗಿನ ರೆಕ್ಕೆ ಬೀಸಣಿಗೆಯ ತರ ಅಗಲವಾಗಿದ್ದು, ಅದರ ಹತ್ತಿರ ಮಚ್ಚೆ ಇದ್ದರೆ ಹೆಣ್ಣು. ಆ ರೆಕ್ಕೆ ಕಡ್ಡಿಯಂತೆ ಚೂಪಾಗುತ್ತಿದ್ದರೆ ಗಂಡು. ಬಣ್ಣ ಬರುವವರೆಗೆ ಕಾಯಬೇಡಿ, ರೆಕ್ಕೆ ನೋಡಿ ಬೇರೆ ಮಾಡಿ, ಇಲ್ಲದಿದ್ದರೆ ಇನ್ನೂ ಬೆಳೆಯಬೇಕಾದ ಹೆಣ್ಣುಗಳೇ ಬಸುರಾಗುತ್ತವೆ. ಬೆನ್ನು ಗೂನಾದ ಮರಿ ಬದುಕಿದರೆ ಸಾಕಿ, ಆದರೆ ಮರಿ ಹಾಕಿಸಲು ಇಟ್ಟುಕೊಳ್ಳಬೇಡಿ. ಒಂದೂವರೆ, ಎರಡು ಸೆಂಟಿಮೀಟರ್ ಆದ ಮೇಲೆ ದೊಡ್ಡ ಗಪ್ಪಿಗಳ ಜೊತೆ ಬಿಡಬಹುದು, ಆಗ ಅವು ಯಾರ ಬಾಯಿಗೂ ಹಿಡಿಸುವುದಿಲ್ಲ.

ಜಾಸ್ತಿಯಾದ ಮರಿಗಳನ್ನು ಕೆರೆಗೆ ಬಿಡಬೇಡಿ, ಇದನ್ನು ಕೈ ಮುಗಿದು ಹೇಳುತ್ತೇನೆ. ಸೊಳ್ಳೆ ಹತೋಟಿಗೆ ಅಂತ ಗಪ್ಪಿ ಬಿಡುವುದು ಇದೆ, ಅದು ಆರೋಗ್ಯ ಇಲಾಖೆಯವರ ಕೆಲಸ, ಅವರಿಗೇ ಬಿಡಿ. ಗಪ್ಪಿ ದಕ್ಷಿಣ ಅಮೆರಿಕದ ಕಡೆಯ ಮೀನು. ಇಲ್ಲಿನ ಕೆರೆಯಲ್ಲಿ ನೆಲೆಯೂರಿದರೆ ನಮ್ಮ ಊರಿನ ಸಣ್ಣ ಮೀನುಗಳ ಊಟಕ್ಕೂ ಜಾಗಕ್ಕೂ ಪೈಪೋಟಿ ಮಾಡುತ್ತದೆ, ಅವುಗಳ ಮರಿಯನ್ನೂ ತಿನ್ನುತ್ತದೆ. ಅಂಗಡಿಯವರನ್ನು ಕೇಳಿ, ಚೆನ್ನಾಗಿ ಬೆಳೆದ ಮರಿಗಳನ್ನು ಕೆಲವರು ತೆಗೆದುಕೊಂಡು ಬದಲಿಗೆ ಊಟದ ಡಬ್ಬಿಯೋ ಗಿಡವೋ ಕೊಡುತ್ತಾರೆ. ಅಕ್ಕಪಕ್ಕದ ಮಕ್ಕಳಿಗೆ ಕೊಡುವುದಾದರೆ ಕವರ್‌ನಲ್ಲಿ ಮೂರನೇ ಒಂದು ಭಾಗ ಟ್ಯಾಂಕಿನ ನೀರು, ಉಳಿದದ್ದು ಗಾಳಿ ತುಂಬಿ ಕಟ್ಟಿ, ಕೊಡುವ ಹಿಂದಿನ ದಿನದಿಂದ ಊಟ ನಿಲ್ಲಿಸಿ. ಜೊತೆಗೆ ನಿಮ್ಮ ಸ್ಪಾಂಜ್ ಫಿಲ್ಟರನ್ನು ಹಿಂಡಿದ ಕಂದು ನೀರನ್ನೂ ಒಂದು ಬಾಟಲಿಯಲ್ಲಿ ಕೊಟ್ಟು ಕಳಿಸಿ. ಅವರ ಹೊಸ ಫಿಲ್ಟರ್ ಮೇಲೆ ಅದನ್ನು ಅದೇ ದಿನ ಸುರಿಯಬೇಕು, ತಡ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ.