ಬೂಟು ಕಳಚಿ ಮೈಕ್ ಹಿಡಿಯುವವರಿಗೆ

ಹಾಸನ, ಚಿಕ್ಕಮಗಳೂರಿನಿಂದ ಹೋಗಿ ಬೆಂಗಳೂರಿನ ಲೀಗ್‌ಗಳಲ್ಲಿ ಆಡಿದವರಿಗೆ ಮೂವತ್ತು ದಾಟಿದರೆ ಮುಂದೇನು ಎಂಬ ಚಿಂತೆ. ಕೋಚಿಂಗ್ ಗೊತ್ತಿರುವ ದಾರಿ. ಫುಟ್‌ಬಾಲ್ ವಿಶ್ಲೇಷಣೆ ಇನ್ನೊಂದು. ಅದರ ತಯಾರಿ ಆಡುತ್ತಿರುವಾಗಲೇ ಶುರುವಾಗಲಿ. ಮ್ಯಾಂಚೆಸ್ಟರ್ ಯುನೈಟೆಡ್‌ನ ಡಿಫೆಂಡರ್ ಗ್ಯಾರಿ ನೆವಿಲ್ ಆಟ ಬಿಟ್ಟಿದ್ದು 2011ರ ಫೆಬ್ರವರಿಯಲ್ಲಿ. ಅದೇ ವರ್ಷ ಬ್ರಿಟನ್ನಿನ ಸ್ಕೈ ಸ್ಪೋರ್ಟ್ಸ್ ಟಿವಿಯ ಸ್ಟುಡಿಯೋದಲ್ಲಿ ವಿಶ್ಲೇಷಕರಾಗಿದ್ದರು. ಜನ ಹೆಸರು ಮರೆಯಲು ಬಹಳ ದಿನ ಬೇಕಿಲ್ಲ.

ಚೆಂಡು ಯಾರ ಕಾಲಲ್ಲಿದೆ ಎಂದು ಹೇಳುವುದು ವೀಕ್ಷಕ ವಿವರಣೆಯವರ ಕೆಲಸ. ಯಾಕೆ ಹಾಗಾಯಿತು ಎನ್ನುವುದು ನಿಮ್ಮ ಕೆಲಸ. "ಎಂಥ ಗೋಲು!" ಎಂದರೆ ಸಾಲದು, ಅದು ಮನೆಯಲ್ಲಿ ಕೂತವರಿಗೂ ಕಂಡಿದೆ.

ಅಭ್ಯಾಸಕ್ಕೆ ಒಂದು ಗೋಲಿನ ವಿಡಿಯೋ ಸಾಕು. ಗೋಲಿಗಿಂತ 10 ಸೆಕೆಂಡ್ ಹಿಂದಕ್ಕೆ ಹೋಗಿ, ಧ್ವನಿ ತೆಗೆದುಹಾಕಿ. ಮೊದಲ ಸಲ ಚೆಂಡನ್ನು ನೋಡಿ. ಎರಡನೇ ಸಲ ಚೆಂಡಿನ ಕಡೆ ಕಣ್ಣೇ ಹಾಯಿಸಬೇಡಿ, ಹಿಂದಿನ ಸಾಲಿನಲ್ಲಿ ರಕ್ಷಣೆಗೆ ನಿಂತ ಬ್ಯಾಕ್‌ಗಳನ್ನಷ್ಟೇ ನೋಡಿ. ಉದಾಹರಣೆಗೆ, ಲೆಫ್ಟ್ ಬ್ಯಾಕ್ ಸ್ಟ್ರೈಕರ್ ಕಡೆಗೆ ಎರಡು ಹೆಜ್ಜೆ ಒಳಗೆ ಸರಿದಿರುತ್ತಾನೆ; ಅವನ ಬೆನ್ನ ಹಿಂದಿನ ಖಾಲಿ ಜಾಗಕ್ಕೆ ಎದುರಾಳಿಯ ವಿಂಗರ್, ಅಂದರೆ ಅಂಚಿನಲ್ಲಿ ಓಡುವ ಆಟಗಾರ, ನುಗ್ಗಿರುತ್ತಾನೆ. ಗೋಲು ಹುಟ್ಟಿದ್ದು ಆ ಎರಡು ಹೆಜ್ಜೆಯಲ್ಲಿ. ಅಲ್ಲೇ ಚಿತ್ರ ನಿಲ್ಲಿಸಿ, ಒಂದೇ ಬಾಣ ಎಳೆಯಿರಿ. ಮೂರು ಬಾಣ ಎಳೆದರೆ ನೋಡುವವರಿಗೆ ಒಂದೂ ದಕ್ಕುವುದಿಲ್ಲ. ಒಟ್ಟು ಮಾತು 40 ಸೆಕೆಂಡ್ ಮೀರದಿರಲಿ.

ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. "ಆಕ್ಚುಲಿ", "ಬೇಸಿಕಲಿ" ಎಷ್ಟು ಸಲ ನುಸುಳಿದೆ ಎಂದು ಎಣಿಸಿದರೆ ನಾಚಿಕೆಯಾಗುತ್ತದೆ. ಆ ನಾಚಿಕೆ ಒಳ್ಳೆಯದೇ. ಆಫ್‌ಸೈಡ್, ಕಾರ್ನರ್, ಪೆನಾಲ್ಟಿ ಹಾಗೇ ಇರಲಿ, ಅವಕ್ಕೆ ಕನ್ನಡ ಹುಡುಕುತ್ತಾ ಕೂತರೆ ಅಷ್ಟರಲ್ಲಿ ಚೆಂಡು ಆ ಕಡೆಯ ಗೋಲು ಸೇರಿರುತ್ತದೆ.

ಮುಂದಿನ ಹಂತ ಊರಿನ ಪಂದ್ಯಗಳು. ಚಿಕ್ಕಮಗಳೂರಿನ ಸುಭಾಷ್‌ಚಂದ್ರ ಬೋಸ್ ಮೈದಾನದಲ್ಲೋ ಹಾಸನದ ಜಿಲ್ಲಾ ಕ್ರೀಡಾಂಗಣದಲ್ಲೋ ಟೂರ್ನಿ ನಡೆದರೆ, ಸಂಘಟಕರನ್ನು ಕೇಳಿ ಯೂಟ್ಯೂಬ್ ನೇರಪ್ರಸಾರಕ್ಕೆ ಮಾತಾಡಿ. ಇಪ್ಪತ್ತು ಅಡಿ ದೂರದ ಕ್ಯಾಮೆರಾದ ಮೈಕನ್ನು ನಂಬಬೇಡಿ. ಅದಕ್ಕೆ ಸೀಟಿ, ಗಾಳಿ, ಪಕ್ಕದವರ ಬೈಗುಳ ಕೇಳಿಸುತ್ತದೆ, ನಿಮ್ಮ ಮಾತು ಕೇಳಿಸುವುದಿಲ್ಲ. ಸ್ಪಂಜಿನ ಟೋಪಿ ಹಾಕಿದ ಡೈನಮಿಕ್ ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರದಲ್ಲಿ, ಸ್ವಲ್ಪ ಓರೆಯಾಗಿ ಹಿಡಿಯಿರಿ. ನೇರವಾಗಿ ಹಿಡಿದರೆ "ಪ", "ಫ" ಬಂದಾಗಲೆಲ್ಲ ಉಸಿರು ಗುದ್ದುತ್ತದೆ. ಮಳೆಗಾಲದ ಪಂದ್ಯ ಸಿಕ್ಕಿದರೆ ಬಿಡಬೇಡಿ. ನೀರು ನಿಂತ ಕಡೆ ನೆಲದ ಪಾಸ್ ಅರ್ಧಕ್ಕೇ ನಿಲ್ಲುತ್ತದೆ, ಹಾಗಾಗಿ ತಂಡ ಎತ್ತರದ ಚೆಂಡಿಗೆ ಹೊರಳುತ್ತದೆ. ಕಾರಣ ಹೇಳುವ ರೂಢಿಗೆ ಇದಕ್ಕಿಂತ ಸುಲಭದ ಪಾಠವಿಲ್ಲ.

ಮಾಜಿ ಆಟಗಾರರು ಎಡವುವುದು ಹೆಚ್ಚಾಗಿ ನಿಯಮದಲ್ಲಿ, ತಾವು ಆಡುವಾಗ ಇದ್ದದ್ದನ್ನೇ ಹೇಳಿಬಿಡುತ್ತಾರೆ. ಗೋಲ್‌ಕೀಪರ್ ಚೆಂಡನ್ನು 6 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಇನ್‌ಡೈರೆಕ್ಟ್ ಫ್ರೀ ಕಿಕ್ ಎನ್ನುವುದು ಹಳೆಯ ಮಾತು. 2025-26ರ ಋತುವಿನಿಂದ ಮಿತಿ 8 ಸೆಕೆಂಡ್, ಮೀರಿದರೆ ಎದುರಾಳಿಗೆ ಕಾರ್ನರ್. ಥ್ರೋ-ಇನ್, ಗೋಲ್ ಕಿಕ್, ಕಾರ್ನರ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ. ಫುಟ್‌ಬಾಲ್ ನಿಯಮ ರೂಪಿಸುವ ಮಂಡಳಿಯಾದ ಐಎಫ್‌ಎಬಿಯ ನಿಯಮಪುಸ್ತಕ ಅಂತರ್ಜಾಲದಲ್ಲಿ ಉಚಿತ. ಪ್ರತಿ ಜುಲೈನಲ್ಲಿ ಬದಲಾವಣೆಯ ಪುಟ ಓದಿ.

ಭವಿಷ್ಯ ಹೇಳುವುದು ಕಡಿಮೆ ಇರಲಿ. 1995ರ ಆಗಸ್ಟ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಆಸ್ಟನ್ ವಿಲ್ಲಾಕ್ಕೆ 3-1ರಿಂದ ಸೋತಾಗ, ಹುಡುಗರನ್ನು ಕಟ್ಟಿಕೊಂಡು ಏನೂ ಗೆಲ್ಲಲಾಗದು ಎಂದರು ಬಿಬಿಸಿಯಲ್ಲಿ ವಿಶ್ಲೇಷಕರಾಗಿದ್ದ ಮಾಜಿ ಆಟಗಾರ ಆಲನ್ ಹ್ಯಾನ್ಸನ್. ಆ ಹುಡುಗರು ಲೀಗ್, ಎಫ್‌ಎ ಕಪ್ ಎರಡನ್ನೂ ಗೆದ್ದರು. ಹ್ಯಾನ್ಸನ್ 2014ರವರೆಗೆ ಆ ಕೆಲಸದಲ್ಲಿದ್ದರೂ ಜನ ನೆನೆಯುವುದು ಅದೊಂದೇ ಮಾತನ್ನು.

ಜೊತೆಗೆ ಆಡಿದವರ ಬಗ್ಗೆ ಮಾತಾಡುವಾಗ ನಿರ್ಧಾರವನ್ನು ಟೀಕಿಸಿ, ಮನುಷ್ಯನನ್ನಲ್ಲ. "ಅಲ್ಲಿ ಒಳಗೆ ಬರಬಾರದಿತ್ತು" ಎಂದರೆ ಸ್ನೇಹವೂ ಉಳಿಯುತ್ತದೆ, ಮಾತಿಗೂ ತೂಕ.

ಸ್ಟುಡಿಯೋದಲ್ಲಿ ಕಿವಿಯೊಳಗೆ ಇನ್ನೆಷ್ಟು ಸೆಕೆಂಡ್ ಉಳಿದಿದೆ ಎಂಬ ನಿರ್ದೇಶಕರ ಎಣಿಕೆ ಕೇಳಿಸುತ್ತಿರುತ್ತದೆ. ಟಿವಿ ಹಚ್ಚಿಟ್ಟುಕೊಂಡೇ ಮಾತಾಡುವ ಅಭ್ಯಾಸ ಮಾಡಿ. ಸಣ್ಣ ಚೌಕಳಿ ಶರ್ಟ್ ಬೇಡ, ಪರದೆ ಮೇಲೆ ಮಿಣುಗುತ್ತದೆ.

ಕರೆ ಬಂದರೆ ಸಂಭಾವನೆ ಪಂದ್ಯಕ್ಕೋ ದಿನಕ್ಕೋ ಎಂದು ಲಿಖಿತವಾಗಿ ಕೇಳಿ. ರಾತ್ರಿ 7.30ರ ಪಂದ್ಯದ ನಂತರದ ಚರ್ಚೆ ಮುಗಿಯುವಾಗ ಹತ್ತು ದಾಟಿರುತ್ತದೆ. ಹಾಸನವೆಂದರೂ ಬೆಂಗಳೂರಿನಿಂದ 180 ಕಿ.ಮೀ. ಮೇಲೆಯೇ. ಉಳಿಯಲು ರೂಮು, ಬಸ್ ಖರ್ಚು ಯಾರದೆಂದು ಒಪ್ಪುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ.