ಇಎಂಟಿ ಕ್ಲಾಸು, ಇಂಗ್ಲಿಷ್ ಕ್ಲಾಸು: ಎರಡನ್ನೂ ಒಂದೇ ಸೆಮಿಸ್ಟರ್‌ನಲ್ಲಿ ಮುಗಿಸುವುದು ಹೇಗೆ

ಎಲ್ಲಕ್ಕಿಂತ ಮೊದಲು ಟಿಬಿ ಟೆಸ್ಟ್ ವಿಷಯ ಹೇಳಿಬಿಡುತ್ತೇನೆ. ನಾನು ಎಡವಿದ್ದು ಅಲ್ಲೇ. ಅಮೆರಿಕದ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಡಿಗ್ರಿ ಕೊಡುವ ಕಾಲೇಜು) ಇಎಂಟಿ ಕೋರ್ಸಿಗೆ, ಅಂದರೆ ಆಂಬುಲೆನ್ಸಿನಲ್ಲಿ ತುರ್ತು ಚಿಕಿತ್ಸೆ ಕೊಡುವ ಕೆಲಸ ಕಲಿಯಲು, ಸೇರಿದರೆ ಆಸ್ಪತ್ರೆಗೋ ಆಂಬುಲೆನ್ಸಿಗೋ ಕಲಿಯಲು ಕಳಿಸುತ್ತಾರೆ. ಅದಕ್ಕೆ ಮುಂಚೆ ಟಿಬಿ ಇಲ್ಲ ಅಂತ ಕಾಗದ ತೋರಿಸಬೇಕು. ನಾನು ಮುಂಗೈಗೆ ಸಣ್ಣ ಸೂಜಿ ಚುಚ್ಚಿ ನೋಡುವ ಟೆಸ್ಟ್ ಮಾಡಿಸಿದೆ. ಎರಡು ದಿನಕ್ಕೆ ಅಲ್ಲಿ ಕಡಲೆಬೀಜದಷ್ಟು ಗಟ್ಟಿ ಊತ. ಪಾಸಿಟಿವ್ ಅಂದರು. ಹುಟ್ಟಿದಾಗ ನಮಗೆಲ್ಲ ಬಿಸಿಜಿ ಲಸಿಕೆ ಹಾಕಿಸಿರುತ್ತಾರಲ್ಲ, ಎಡತೋಳಿನ ಮೇಲೆ ಇನ್ನೂ ಗುರುತು ಇದೆ, ಅದರಿಂದಲೂ ಈ ಟೆಸ್ಟ್ ಹೀಗೆ ಬರಬಹುದು. ಎದೆ ಎಕ್ಸ್‌ರೇ, ಡಾಕ್ಟರ ಚೀಟಿ, ಮತ್ತೆ ಕಾಲೇಜಿಗೆ ಓಡಾಟ. ಮೂರು ವಾರ ಹೋಯಿತು.

ನೀವು ಹಾಗೆ ಮಾಡಬೇಡಿ. ಬಿಸಿಜಿ ಆಗಿದೆ, ಐಜಿಆರ್‌ಎ ಅನ್ನುವ ರಕ್ತದ ಟೆಸ್ಟೇ ಮಾಡಿ ಅಂತ ಕೇಳಿ. ಬಿಸಿಜಿ ಹಾಕಿಸಿಕೊಂಡಿದ್ದರೂ ಅದರ ಫಲಿತಾಂಶ ಏರುಪೇರಾಗುವುದಿಲ್ಲ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ), ಚಿಕನ್‌ಪಾಕ್ಸ್, ಹೆಪಟೈಟಿಸ್ ಬಿ ಇವಕ್ಕೂ ಸಾಮಾನ್ಯವಾಗಿ ದಾಖಲೆ ಕೇಳುತ್ತಾರೆ. ಚಿಕ್ಕಂದಿನ ಲಸಿಕೆ ಕಾರ್ಡು ಈಗ ಯಾರ ಹತ್ತಿರ ಇರುತ್ತದೆ ಹೇಳಿ? ರಕ್ತದಲ್ಲಿ ಟೈಟರ್, ಅಂದರೆ ಆ ರೋಗಗಳ ವಿರುದ್ಧ ನಿರೋಧಕ ಶಕ್ತಿ ಇದೆಯಾ ಅಂತ, ನೋಡಿಸಿದರೆ ಆಗುತ್ತದೆ. ಹೆಪಟೈಟಿಸ್ ಬಿ ಹೊಸದಾಗಿ ಹಾಕಿಸಬೇಕಾಗಿ ಬಂದರೆ ಮೂರು ಡೋಸಿನದು ಆರು ತಿಂಗಳು ಎಳೆಯುತ್ತದೆ. ಆದ್ದರಿಂದ ಅರ್ಜಿ ಹಾಕುವ ಮುಂಚೆಯೇ ಈ ಕೆಲಸ ಶುರು ಮಾಡಿ.

ನನ್ನ ವಿಷಯ ಚಿಕ್ಕದು. ತಿಪಟೂರಿನಲ್ಲಿ ಬಿಕಾಂ. ಮದುವೆಯಾಗಿ ಇಲ್ಲಿಗೆ ಬಂದೆ, ಎರಡು ಮಕ್ಕಳು, ನಲವತ್ತೊಂದನೇ ವಯಸ್ಸಿಗೆ ಮತ್ತೆ ಬ್ಯಾಗ್ ಹೆಗಲಿಗೆ. ಕಾರಣ ಮಾವನವರು. ಊರಿಂದ ಬಂದಿದ್ದಾಗ ಒಂದು ರಾತ್ರಿ 'ಎದೇಲಿ ಸಂಕಟ ಆಗ್ತಿದೆಯಮ್ಮ' ಅಂದರು. ತುರ್ತು ಸಹಾಯದ 911ಕ್ಕೆ ಫೋನ್ ಮಾಡಿದೆವು. ಬಂದ ಪ್ಯಾರಾಮೆಡಿಕ್ ಹೇಗಿದೆ ನೋವು ಅಂತ ಕೇಳಿದ. ಸಂಕಟಕ್ಕೆ ಇಂಗ್ಲಿಷಿನಲ್ಲಿ ಏನು? ನನ್ನ ಬಾಯಿಗೆ ಬಂದದ್ದು 'ಪ್ರಾಬ್ಲಂ' ಒಂದೇ. ಅವನು ಬೇಸರ ಮಾಡದೆ ಒಂದೊಂದೇ ಕೇಳಿದ. ಚುಚ್ಚುತ್ತದಾ, ಒತ್ತುತ್ತದಾ, ಉರಿಯುತ್ತದಾ, ತೋಳಿಗೆ ಇಳಿಯುತ್ತದಾ, ಯಾವಾಗ ಶುರುವಾಯಿತು. ಮಾವನವರು ಹುಷಾರಾದರು. ಆ ಪ್ರಶ್ನೆಗಳು ಮಾತ್ರ ನನ್ನ ತಲೆಯಲ್ಲಿ ಉಳಿದವು. ನೋವಿನ ಬಗ್ಗೆ ಕೇಳುವ ಆ ಪ್ರಶ್ನೆಗಳಿಗೆ, ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ, ಓಪಿಕ್ಯೂಆರ್‌ಎಸ್‌ಟಿ ಅಂತ ಹೆಸರು, ಇಎಂಟಿ ಕ್ಲಾಸಿನಲ್ಲಿ ಮೊದಮೊದಲೇ ಬಾಯಿಪಾಠ ಮಾಡಿಸುತ್ತಾರೆ ಅಂತ ಆಮೇಲೆ ಗೊತ್ತಾಯಿತು.

ನೇರವಾಗಿ ಪ್ಯಾರಾಮೆಡಿಕ್ ಕೋರ್ಸಿಗೆ ಸೇರಲು ಆಗುವುದಿಲ್ಲ. ಮೊದಲ ಮೆಟ್ಟಿಲು ಇಎಂಟಿ. ಅದು 150ರಿಂದ 190 ಗಂಟೆಯ ಆಸುಪಾಸು, ಹೆಚ್ಚಿನ ಕಡೆ ಒಂದು ಸೆಮಿಸ್ಟರ್. ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಉಸಿರು ಕೊಡುವುದು), ರಕ್ತ ನಿಲ್ಲಿಸುವುದು, ಆಮ್ಲಜನಕ ಕೊಡುವುದು, ಮುರಿದ ಮೂಳೆಗೆ ಪಟ್ಟಿ ಕಟ್ಟುವುದು, ಬಿಪಿ ನೋಡುವುದು. ಪ್ಯಾರಾಮೆಡಿಕ್ ಆಗಲು ಅದರ ಮೇಲೆ ಸಾವಿರಕ್ಕೂ ಹೆಚ್ಚು ಗಂಟೆ, ಒಂದರಿಂದ ಎರಡು ವರ್ಷ. ರಕ್ತನಾಳಕ್ಕೆ ಐವಿ ಹಾಕುವುದು, ಇಸಿಜಿ ಓದುವುದು, ಗಂಟಲಿಗೆ ಕೊಳವೆ ಇಳಿಸುವುದು ಅಲ್ಲಿ ಬರುತ್ತದೆ. ಅದಕ್ಕೆ ಅನಾಟಮಿ ಮುಗಿಸಿರಬೇಕು ಅನ್ನುವ ಕಾಲೇಜುಗಳೂ ಇವೆ. ಆ ಪ್ಯಾರಾಮೆಡಿಕ್ ಕೋರ್ಸಿಗೆ ಸಿಎಎಎಚ್‌ಇಪಿ (ಆರೋಗ್ಯ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇದೆಯಾ ಅಂತ ಮಾತ್ರ ತಪ್ಪದೆ ವಿಚಾರಿಸಿ. ಅದಿಲ್ಲದ ಕಡೆ ಓದಿದರೆ ನ್ಯಾಷನಲ್ ರಿಜಿಸ್ಟ್ರಿಯ (ದೇಶಮಟ್ಟದಲ್ಲಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಸಂಸ್ಥೆ) ಪ್ಯಾರಾಮೆಡಿಕ್ ಪರೀಕ್ಷೆಗೆ ಕೂರಲು ತೊಡಕಾಗಬಹುದು.

ಇದು ಈ ದೇಶದಲ್ಲೂ ತೀರಾ ಹಳೆಯ ವೃತ್ತಿಯೇನಲ್ಲ. ಒಂದು ಕಾಲಕ್ಕೆ ಎಷ್ಟೋ ಊರುಗಳಲ್ಲಿ ಹೆಣ ಸಾಗಿಸುವ ಗಾಡಿಯೇ ಆಂಬುಲೆನ್ಸ್ ಕೂಡ ಆಗಿತ್ತು. 1967ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಫ್ರೀಡಂ ಹೌಸ್ ಅಂತ ಒಂದು ಸೇವೆ ಶುರುವಾಯಿತು. ಕೆಲಸವಿಲ್ಲದೆ ಕೂತಿದ್ದ ಕಪ್ಪು ಜನರಿಗೆ ತರಬೇತಿ ಕೊಟ್ಟರು. ದೇಶದ ಮೊದಮೊದಲ ಪ್ಯಾರಾಮೆಡಿಕ್‌ಗಳು ಅವರೇ. ನಮ್ಮ ಮೇಷ್ಟ್ರು ಮೊದಲ ದಿನ ಈ ಕಥೆ ಹೇಳಿದಾಗ, ನನ್ನ ವಯಸ್ಸು, ನನ್ನ ಉಚ್ಚಾರಣೆ ಅಂತ ಇದ್ದ ಅಳುಕು ಅರ್ಧ ಹೋಯಿತು.

ಹಣದ ಮಾತು. ಆ ರಾಜ್ಯದ, ಆ ಜಿಲ್ಲೆಯ ನಿವಾಸಿ ಅಂತ ತೋರಿಸಿದರೆ ಫೀಸು ಕಡಿಮೆ. ಬಾಡಿಗೆ ಪತ್ರ, ಡ್ರೈವಿಂಗ್ ಲೈಸೆನ್ಸ್ ಇಟ್ಟುಕೊಂಡಿರಿ. ಗ್ರೀನ್ ಕಾರ್ಡ್ ಇದ್ದರೆ ಎಫ್‌ಎಎಫ್‌ಎಸ್‌ಎ, ಅಂದರೆ ಓದಿಗೆ ಸರ್ಕಾರದ ಹಣಸಹಾಯ ಕೇಳುವ ಅರ್ಜಿ, ತುಂಬಿ. ಎಚ್-4 ವೀಸಾದವರಿಗೆ (ಎಚ್-1ಬಿ ಮೇಲೆ ಬಂದವರ ಗಂಡ ಅಥವಾ ಹೆಂಡತಿಗೆ, ಮಕ್ಕಳಿಗೆ) ಆ ಸಹಾಯ ಇಲ್ಲ. ಓದಲು ಅಡ್ಡಿಯಿಲ್ಲ, ಆದರೆ ಕೆಲಸ ಮಾಡಲು ಇಎಡಿ ಅನ್ನುವ ಕೆಲಸದ ಪರವಾನಗಿ ಬೇಕು. ಇಎಂಟಿ ಒಂದನ್ನೇ ಬಿಡಿಯಾಗಿ ಸೇರಿದರೆ ಗ್ರಾಂಟ್ ಸಿಗದೆ ಹೋಗಬಹುದು. ಎರಡು ವರ್ಷದ ಡಿಗ್ರಿಗೆ ಹೆಸರು ಬರೆಸಿ, ಅದರೊಳಗೆ ಇಎಂಟಿ ತಗೊಂಡರೆ ದಾರಿ ಸಲೀಸು. ಇದನ್ನು ಫೈನಾನ್ಶಿಯಲ್ ಏಡ್ ಆಫೀಸಿನಲ್ಲಿ ಬಾಯಲ್ಲಿ ಕೇಳಿಕೊಂಡು ಬರಬೇಡಿ, ಇಮೇಲಿನಲ್ಲಿ ಬರೆಸಿಕೊಳ್ಳಿ.

ಡಿಗ್ರಿ ಅಂದ ಮೇಲೆ ಇಂಗ್ಲಿಷ್ ಕಾಂಪೊಸಿಷನ್ (ಪ್ರಬಂಧ ಬರೆಯಲು ಕಲಿಸುವ ಕ್ಲಾಸು) ಬಂದೇ ಬರುತ್ತದೆ. ಸಾಮಾನ್ಯವಾಗಿ ಮೂರು ಕ್ರೆಡಿಟ್. ಎಲ್ಲರೂ ಇದನ್ನು ಕೊನೆಗೆ ತಳ್ಳುತ್ತಾರೆ. ನನ್ನ ಮಾತು ಕೇಳಿ, ಇಎಂಟಿ ಜೊತೆಗೇ ತಗೊಳ್ಳಿ. ಅದೂ ಆನ್‌ಲೈನ್ ಬೇಡ, ಕ್ಲಾಸಿನಲ್ಲಿ ಕೂತು ಕಲಿಯಿರಿ. ಯಾವ ಮಟ್ಟದ ಕ್ಲಾಸು ಅಂತ ನೋಡುವ ಪ್ಲೇಸ್‌ಮೆಂಟ್‌ನಲ್ಲಿ ಇಎಸ್‌ಎಲ್‌ಗೆ (ಇಂಗ್ಲಿಷ್ ಮನೆಮಾತಲ್ಲದವರ ಕ್ಲಾಸಿಗೆ) ಹಾಕಿದರೆ ಬೇಜಾರು ಬೇಡ, ಆದರೆ ಇಂಗ್ಲಿಷ್ ಮೀಡಿಯಂ ಡಿಗ್ರಿ ಇದೆ, ಮತ್ತೊಮ್ಮೆ ನೋಡಿ ಅಂತ ಕೇಳಲು ಸಂಕೋಚವೂ ಬೇಡ.

ಯಾಕೆ ಜೊತೆಗೇ ಅಂದರೆ, ಎರಡು ಕಡೆಯೂ ಒಂದೇ ತಪ್ಪು ಮಾಡುತ್ತೇವೆ. ನನ್ನ ಮೊದಲ ಪ್ರಬಂಧದಲ್ಲಿ 'ಐ ಪಾಸ್ಡ್ ಔಟ್ ಇನ್ 2004' ಅಂತ ಬರೆದಿದ್ದೆ. ಪಕ್ಕದ ಹುಡುಗಿ ಓದಿ, ಈಗ ಹುಷಾರಾಗಿದ್ದೀರಾ ಅಂತ ಅಂಚಿನಲ್ಲಿ ಬರೆದಳು. ಇಲ್ಲಿ ಹಾಗಂದರೆ ಎಚ್ಚರ ತಪ್ಪಿ ಬಿದ್ದೆ ಅಂತ! ಅದೇ ವಾರ ಇಎಂಟಿ ಲ್ಯಾಬಿನಲ್ಲಿ 'ಗಿಡ್ಡಿನೆಸ್' ಅಂದೆ, 'ವಾಮಿಟಿಂಗ್ ಸೆನ್ಸೇಷನ್' ಅಂದೆ, 'ಹಿ ಹ್ಯಾಸ್ ಶುಗರ್' ಅಂದೆ. ಯಾರಿಗೂ ಅರ್ಥವಾಗಲಿಲ್ಲ. ಡಿಜ್ಜಿ, ನಾಸಿಯಾ, ಡಯಾಬಿಟಿಕ್ ಅನ್ನಬೇಕಂತೆ. ಅಷ್ಟೇ ಅಲ್ಲ, ತಲೆಸುತ್ತು ಅಂದರೆ ಸಾಲದು, ಕೋಣೆ ತಿರುಗುತ್ತಿದೆಯಾ ಅಥವಾ ಕಣ್ಣು ಕತ್ತಲೆ ಬರುತ್ತಿದೆಯಾ ಅಂತ ಬಿಡಿಸಿ ಕೇಳಬೇಕು. ನಮ್ಮ 'ಸುಸ್ತು' ಇನ್ನೂ ಕಷ್ಟ. ದಣಿವಾ, ಶಕ್ತಿ ಇಲ್ಲವಾ, ಉಸಿರು ಸಾಲುತ್ತಿಲ್ಲವಾ? ಒಂದು ಪುಸ್ತಕ ಇಟ್ಟುಕೊಂಡು ಎಡಗಡೆ ನಮ್ಮ ಮಾತು, ಬಲಗಡೆ ಇಲ್ಲಿನ ಮಾತು ಬರೆಯುತ್ತಾ ಹೋಗಿ. ನನ್ನದು ನಲವತ್ತು ಪುಟ ಆಯಿತು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಆಂಬುಲೆನ್ಸಿನಲ್ಲಿ ಪ್ರತಿ ರೋಗಿಗೂ ವರದಿ ಬರೆಯಬೇಕು. ಅಭ್ಯಾಸಕ್ಕೆ ಕೊಟ್ಟ ಒಂದು ಕೇಸಿನಲ್ಲಿ ನಾನು 'ರೋಗಿ ಕುಡಿದಿದ್ದ' ಅಂತ ಶುರು ಮಾಡಿದೆ. ಮೇಷ್ಟ್ರು ಕೆಂಪು ಗೀಟು ಹಾಕಿ ಕೇಳಿದರು: ಕುಡಿದದ್ದು ನೀನು ನೋಡಿದೆಯಾ? ಇಲ್ಲ. ಏನು ನೋಡಿದೆ? ಮಾತು ತೊದಲುತ್ತಿತ್ತು, ನಡಿಗೆ ತೂರಾಡುತ್ತಿತ್ತು, ಬೆವರಿದ್ದ. ಹಾಗಾದರೆ ಅದನ್ನೇ ಬರಿ. ರಕ್ತದಲ್ಲಿ ಸಕ್ಕರೆ ಕುಸಿದವನೂ ಹೀಗೇ ಕಾಣುತ್ತಾನೆ. ಗ್ಲುಕೋಸ್ ಎಷ್ಟಿತ್ತು? ನಾನು ಆ ಅಂಕಿಯನ್ನೇ ಬರೆದಿರಲಿಲ್ಲ. ಆ ಕೇಸಿನಲ್ಲಿ ಅದು 42 ಇತ್ತು. ಅಂದರೆ ತೀರಾ ಕಡಿಮೆ.

ಅದೇ ವಾರದ ಗುರುವಾರ ಇಂಗ್ಲಿಷ್ ಟೀಚರು ನನ್ನ ಪ್ರಬಂಧದ ಪಕ್ಕ ಬರೆದದ್ದೂ ಹೆಚ್ಚುಕಡಿಮೆ ಅದೇ: ಇದು ನಿನಗೆ ಹೇಗೆ ಗೊತ್ತು? ಸ್ಕೂಲಿನಲ್ಲಿ ಕಲಿತ ಹಾಗೆ ನಾನು ಗಾದೆಯಿಂದ ಶುರು ಮಾಡಿ, ದೊಡ್ಡ ಮಾತಾಡಿ, ಕೊನೆಗೆ 'ಆದ್ದರಿಂದ ನಾವೆಲ್ಲರೂ' ಅಂತ ಮುಗಿಸುತ್ತಿದ್ದೆ. ಇಲ್ಲಿ ಮೊದಲ ಪುಟದಲ್ಲೇ ನಿಮ್ಮ ವಾದ ಏನು ಅಂತ ಒಂದು ವಾಕ್ಯ ಬೇಕು. ಪ್ರತಿ ಪ್ಯಾರಾದಲ್ಲೂ ಅದಕ್ಕೆ ಆಧಾರ ಬೇಕು. ಕಾಲೇಜಿನ ರೈಟಿಂಗ್ ಸೆಂಟರಿನಲ್ಲಿ ಪುಕ್ಕಟೆಯಾಗಿ ಕೂತು ತೋರಿಸಿಕೊಡುತ್ತಾರೆ. ಬರೆದು ಮುಗಿಸಿದ ಮೇಲೆ ಹೋಗಬೇಡಿ, ಅರ್ಧ ಬರೆದಾಗ ಹೋಗಿ. ಮಗನ ಕೈಲೋ ಎಐ ಕೈಲೋ ತಿದ್ದಿಸಿಕೊಳ್ಳುವುದು ನಿಮಗೆ ನೀವೇ ಮಾಡಿಕೊಳ್ಳುವ ಮೋಸ. ರಾತ್ರಿ ಮೂರು ಗಂಟೆಗೆ ಆಂಬುಲೆನ್ಸಿನಲ್ಲಿ ಕೂತು ಬರೆಯುವವರು ನೀವೇ ತಾನೇ?

ಸ್ಕಿಲ್ ಪರೀಕ್ಷೆಗೆ ಬಂದರೆ, ಕೋಣೆಗೆ ಕಾಲಿಡುವಾಗಲೇ 'ಬಿಎಸ್ಐ, ಸೀನ್ ಸೇಫ್' ಅಂತ ಬಾಯಿಬಿಟ್ಟು ಹೇಳಿ. ಗ್ಲೌಸ್ ಹಾಕಿದ್ದೇನೆ, ಜಾಗ ಅಪಾಯವಿಲ್ಲ ಅಂತ. ಮನಸ್ಸಿನಲ್ಲಿ ಅಂದುಕೊಂಡರೆ ಅಂಕ ಇಲ್ಲ, ಫೇಲೂ ಆಗಬಹುದು. ಸಿಪಿಆರ್‌ನಲ್ಲಿ ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು, 30 ಒತ್ತಿ 2 ಉಸಿರು. ನಾನು ಅಭ್ಯಾಸ ಬಲದಿಂದ ಕನ್ನಡದಲ್ಲಿ ಎಣಿಸುತ್ತಿದ್ದೆ. ಹತ್ತರವರೆಗೆ ಸರಿ. 'ಇಪ್ಪತ್ತೊಂಬತ್ತು' ಬರುವ ಹೊತ್ತಿಗೆ ನಾಲಿಗೆ ಹಿಂದೆ, ಕೈ ಇನ್ನೂ ಹಿಂದೆ. ಹತ್ತು ಹತ್ತಾಗಿ ಮೂರು ಸಲ ಎಣಿಸಿ, ತಾಳ ತಪ್ಪುವುದಿಲ್ಲ.

ಎರಡೂ ಸೇರಿ ತಲೆ ಮೇಲೆ ಬಂದರೆ ಡ್ರಾಪ್ ಮಾಡುವ ಕೊನೆಯ ದಿನಾಂಕ ನೋಡಿಕೊಳ್ಳಿ. ಅದು ದಾಟಿದರೆ ದುಡ್ಡೂ ವಾಪಸ್ ಬರುವುದಿಲ್ಲ, ಮಾರ್ಕ್ಸ್ ಕಾರ್ಡಿನಲ್ಲಿ 'ಡಬ್ಲ್ಯೂ' (ಅರ್ಧಕ್ಕೆ ಬಿಟ್ಟರು ಅಂತ) ಕೂಡ ಉಳಿಯುತ್ತದೆ.

ಕೊನೆಗೆ ನ್ಯಾಷನಲ್ ರಿಜಿಸ್ಟ್ರಿ ಪರೀಕ್ಷೆ. ಇಎಂಟಿಗೆ ಎರಡು ಗಂಟೆ, 70ರಿಂದ 120 ಪ್ರಶ್ನೆ. ನಿಮ್ಮ ಉತ್ತರ ನೋಡಿಕೊಂಡು ಕಂಪ್ಯೂಟರು ಮುಂದಿನ ಪ್ರಶ್ನೆ ಆರಿಸುತ್ತದೆ, ಪಾಸೋ ಫೇಲೋ ಖಾತ್ರಿಯಾದ ಕೂಡಲೇ ಥಟ್ಟನೆ ನಿಂತುಬಿಡುತ್ತದೆ. ನನಗೆ 74ಕ್ಕೆ ನಿಂತಿತು. ಕಾರಿನಲ್ಲಿ ಕೂತು ಅತ್ತೆ. ಮಾರನೇ ದಿನ ನೋಡಿದರೆ ಪಾಸ್. ಬೇಗ ನಿಂತರೆ ಫೇಲ್ ಅಂತಲ್ಲ, ಅಳಬೇಡಿ. ಆಮೇಲೆ ರಾಜ್ಯದ ಲೈಸೆನ್ಸಿಗೆ ಬೇರೆ ಅರ್ಜಿ ಹಾಕಬೇಕು, ನನ್ನ ಹತ್ತಿರ ಅದಕ್ಕೆ ಬೆರಳಚ್ಚೂ ತಗೊಂಡರು.